ಸ್ಟಂಪಿನ ಮೈಕು

ಮಾರ್ಚ್ 3
ಬೆಳಿಗ್ಗೆ ಪ್ರಾಕ್ಟೀಸ್. ಹೊಸ ಗ್ಲೌಸ್ ಇನ್ನೂ ಕೈಗೆ ಒಗ್ಗಿಲ್ಲ. ಟೂರ್ನಿಯನ್ನು ಚಾನೆಲ್ ಕೊಂಡ ಮೇಲೆ ಎಲ್ಲವೂ ಬದಲು — ಬಣ್ಣದ ಬಟ್ಟೆ, ಬಿಳಿ ಚೆಂಡು, ಜಾಹೀರಾತು ಮುಗಿಯುವವರೆಗೂ ಬೌಲರ್ ಸೊಂಟದ ಮೇಲೆ ಕೈಯಿಟ್ಟು ನಿಲ್ಲಬೇಕು. ಇವತ್ತು ಸ್ಟಂಪಿನ ಬುಡದಲ್ಲಿ ಮೈಕು ಕೂರಿಸಿದರು. "ಓವರ್ ಮುಗಿದ ತಕ್ಷಣ ಆಫ್ ಮಾಡ್ತೀವಿ ಸರ್," ಅಂದ ಚಾನೆಲ್‌ನವನು. ವಿಕೆಟ್‌ಕೀಪರ್ ನಾನು. ದಿನವಿಡೀ ಅದರ ಪಕ್ಕದಲ್ಲೇ.

ಮಾರ್ಚ್ 9
ಹೆಂಡತಿಯನ್ನು ಆಸ್ಪತ್ರೆಯಿಂದ ಕರೆತಂದೆ. ಮಗು ಉಳಿಯಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು. "ಯಾರಿಗೂ ಹೇಳ್ಬೇಡ. ಅತ್ತೆಗೂ. ನನಗೆ ಬಾಯಿ ಬಂದಾಗ ನಾನೇ ಹೇಳ್ತೀನಿ."
ನಾಳೆ ಮ್ಯಾಚ್. ಹೋಗು ಅಂದಳು.

ಮಾರ್ಚ್ 11
ನಿನ್ನೆ ಕೈಗೆ ಬಂದ ಕ್ಯಾಚ್ ಬಿಟ್ಟೆ. ಓವರ್ ಮುಗಿದ ಮೇಲೆ ಸ್ಲಿಪ್‌ನಿಂದ ಕುಳ್ಳ ಬಂದ. ಶಾಲೆಯಿಂದಲೂ ಜೊತೆಗಾರ. "ಏನಾಗಿದ್ಯೋ ನಿಂಗೆ? ಮನಸ್ಸು ಎಲ್ಲಿಟ್ಟಿದೀಯ?"
ಬಾಯಿ ಜಾರಿತು. "ಮಗು ಹೋಯ್ತು ಕಣೋ. ಯಾರಿಗೂ ಹೇಳ್ಬೇಡ."
ಮೈಕು ಆಫ್ ಆಗಿರಲಿಲ್ಲ.
ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರೂ ತಮ್ಮ ತಮ್ಮ ಶೂ ನೋಡುತ್ತಾ ಕೂತಿದ್ದರು. ಫೋನಿನಲ್ಲಿ ಅಮ್ಮ: "ಮನೆ ವಿಷ್ಯ ನನಗೆ ಟಿವಿಯೋರು ಹೇಳ್ಬೇಕಾ?"
ಹೆಂಡತಿ ಫೋನ್ ಎತ್ತಲೇ ಇಲ್ಲ. ಮನೆಗೆ ಬಂದರೆ ಮಾತಿಲ್ಲ, ಜಗಳವೂ ಇಲ್ಲ...

ಮಾರ್ಚ್ 14
ಪ್ರೋಮೋ ಮಾಡಿದ್ದಾರೆ. ನನ್ನ ದನಿ, ಹಿಂದೆ ಪಿಟೀಲು, ಕೆಳಗೆ ಟೈರ್ ಕಂಪನಿಯ ಹೆಸರು. ಪ್ರೊಡ್ಯೂಸರ್ ಹತ್ತಿರ ಹೋದೆ.
"ತೆಗೀರಿ ಅದನ್ನ."
"ಸರ್, ಜನ ಕಣ್ಣೀರು ಹಾಕ್ತಿದ್ದಾರೆ. ಗ್ರೌಂಡಿನ ಸೌಂಡೆಲ್ಲ ನಮ್ಮದೇ, ಅಗ್ರಿಮೆಂಟಲ್ಲಿ ಇದೆ."
ಜೊತೆಗೆ ಬಂದಿದ್ದ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. "ಚಾನೆಲ್ ಇಲ್ದಿದ್ರೆ ನಮ್ಮನ್ಯಾರಪ್ಪ ಮೂಸಿ ನೋಡ್ತಾರೆ? ಸೆಮಿಫೈನಲ್ ಒಂದು ಆಡ್ಬಿಡು."

ಮಾರ್ಚ್ 17
ಆಡಿದೆ. ತುಟಿ ಬಿಚ್ಚಲಿಲ್ಲ. ಅಪೀಲಿಗೂ ಬರೀ ಕೈ ಎತ್ತಿದೆ. ಗೆದ್ದೆವು. ಚಾನೆಲ್ ಹುಡುಗಿ ಓಡಿ ಬಂದಳು — "ಈ ಗೆಲುವು ಮಗುವಿಗಾ ಸರ್?" ಅವಳನ್ನು ದಾಟಿ ನಡೆದೆ. ಇಡೀ ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ. ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸಿತು.

ಮಾರ್ಚ್ 18, ಮಧ್ಯಾಹ್ನ
ಫೈನಲ್ ಆಡುವುದಿಲ್ಲ ಎಂದು ಕೋಚ್‌ಗೆ ಹೇಳಿ ಬಂದೆ. ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಪಕ್ಕ ಕೂತೆ. ಕೈಯಲ್ಲಿದ್ದ ಅಂಗಿ ಮಡಚಿಟ್ಟು ಕೇಳಿದಳು.
"ನೀನು ಹೇಳಿದ ಮೇಲೆ ಕುಳ್ಳ ಏನಂದ? ಅಷ್ಟರಲ್ಲಿ ಜಾಹೀರಾತು ಬಂತು."
"ಏನೂ ಅನ್ಲಿಲ್ಲ. ಹೆಗಲ ಮೇಲೆ ಕೈಯಿಟ್ಟ."
ಅವಳು ಅತ್ತಳು. ನಾನೂ. ಆಮೇಲೆ ಅವಳೇ ಮಾತು ತೆಗೆದಳು. ಮಗುವಿಗೆ ಒಂದು ಹೆಸರು ಇಟ್ಟುಕೊಂಡಿದ್ದಳಂತೆ, ಮನಸ್ಸಿನಲ್ಲೇ. ಕಿವಿಯ ಹತ್ತಿರ ಬಂದು ಹೇಳಿದಳು. ಅದನ್ನು ಇಲ್ಲಿ ಕೂಡ ಬರೆಯುವುದಿಲ್ಲ.