ಹ್ಯಾಂಡಲ್ಲಿಗೆ ಕಟ್ಟಿದ ಫೋಟೊ

ಶ್ರೀನಿವಾಸಪುರ
ಸಂಜೆ ಏಳು ಗಂಟೆ

ವೇಣುಗೋಪಾಲ್ ಅವರಿಗೆ,

ಇವತ್ತು ಮಂಡಿಯಲ್ಲಿ ಮಾವಿನಕಾಯಿ ವಿಂಗಡಿಸುವ ಕೆಲಸ ಬೇಗ ಮುಗಿಯಿತು. ಸೈಕಲ್ಲಿನಲ್ಲಿ ಒಬ್ಬರೇ ಕಾಶ್ಮೀರಕ್ಕೆ ಹೋಗಿ ಬಂದ ನಿಮ್ಮನ್ನು ನೋಡೋಣವೆಂದು ಸರ್ಕಲ್ಲಿಗೆ ಹೊರಟಿದ್ದೆ. ಅಷ್ಟು ದೂರ ಹೋಗಬೇಕಾಗಲಿಲ್ಲ. ಮಂಡಿಯ ಹಿಂದೆಯೇ ನಿಮ್ಮ ಸೈಕಲ್ಲನ್ನು ಬೊಲೆರೊದಿಂದ ಇಳಿಸುತ್ತಿದ್ದರು.

"ಬೇಗ ಬಾ ಅಣ್ಣಾ, ಹಾರ ಹಿಡ್ಕೊಂಡು ನಿಂತವ್ರೆ" ಎಂದ ಡ್ರೈವರ್.

"ತಡಿಯೋ ಲೇ, ಇನ್ನೂ ಬೆವರೇ ಬಂದಿಲ್ಲ" ಎಂದು ನೀವು ಬಾಟಲಿಯ ನೀರನ್ನು ತಲೆಗೆ, ಅಂಗಿಗೆ ಸುರಿದುಕೊಂಡಿರಿ. ಚೆನ್ನಾಗಿಯೇ ಬೆವರಿದಿರಿ.

ಅದು ನಿಮ್ಮ ಪಾಡು. ಆದರೆ ಹ್ಯಾಂಡಲ್ಲಿಗೆ ನನ್ನ ಯಜಮಾನರ ಫೋಟೊ ಕಟ್ಟಿ, 'ಗೆಳೆಯ ಅಮರನಾಥ್ ನೆನಪಿಗೆ' ಎಂದು ಬರೆಸಿದ್ದೀರಿ. ಹೋದ ವರ್ಷ ಕಾಶ್ಮೀರದ ದಾರಿಯಲ್ಲಿ ಅವರ ಸೈಕಲ್ಲಿನ ಟೈರು ಹರಿದಾಗ ಲಾರಿಯವನೊಬ್ಬ ಹತ್ತಿಕೊಳ್ಳಲು ಕರೆದನಂತೆ. "ತಳ್ಕೊಂಡಾದ್ರೂ ಹೋಗ್ತೀನಿ ಕಣೇ, ಗಾಡಿ ಮಾತ್ರ ಹತ್ತಲ್ಲ" ಎಂದು ಫೋನಿನಲ್ಲಿ ನನಗೆ ಹೇಳಿದರು. ಹಾಗೆ ತಳ್ಳಿಕೊಂಡು ನಡೆಯುವಾಗಲೇ ಹಿಂದಿನಿಂದ ಬಂದ ಕಾರು ಗುದ್ದಿ ತೀರಿಕೊಂಡರು. ಅಂಥವರನ್ನು ನೀವು ಬೊಲೆರೊ ಹತ್ತಿಸಿ ಊರೂರು ಸುತ್ತಿಸಿದ್ದೀರಿ.

ನಾನು ಯಾರಿಗೂ ಹೇಳುವುದಿಲ್ಲ. ಹಾರ, ಶಾಲು ನಿಮಗೇ ಇರಲಿ. ಫೋಟೊ ಮಾತ್ರ ಬಿಚ್ಚಿ ಕೊಡಿ. ಈ ಪತ್ರವನ್ನು ನಿಮ್ಮ ಡ್ರೈವರ್ ಕೈಯಲ್ಲೇ ಕಳಿಸುತ್ತಿದ್ದೇನೆ, ಅವನು ಹೇಗೂ ನಿಮ್ಮ ಹಿಂದೆಯೇ ಇರುತ್ತಾನೆ.

ನಾಳೆ ಕೋಲಾರದಲ್ಲಿ ನಿಮ್ಮ ಸನ್ಮಾನಕ್ಕೆ ಮುಂಚೆ, ಮೊದಲ ಬಸ್ಸಿಗೆ ಬರುತ್ತೇನೆ. ತಂತಿ ಬಿಗಿಯಾಗಿ ಸುತ್ತಿದ್ದೀರಿ. ಕಟಿಂಗ್ ಪ್ಲೇಯರ್ ನಾನೇ ತರುತ್ತೇನೆ.

ಇಂತಿ,
ರಂಜಿತ