ಎದುರುಮನೆಯ ಜಾಗಕ್ಕೆ ಹಳದಿ

ಜನವರಿ 11, ಶನಿವಾರ

ಮಂಡ್ಯದ ಪೇಂಟಿಂಗ್ ಕ್ಲಾಸು ಮುಗಿಸಿ ಟ್ರೈನಿನಲ್ಲಿ ನಿಂತೇ ಮದ್ದೂರಿಗೆ ಬಂದೆ. ನಮ್ಮ ಬಾಗಿಲಲ್ಲಿ ಕೂತು ಬರೆದ ಎದುರು ಸಾಲಿನ ಮನೆಗಳ ಚಿತ್ರ ನೋಡಿ ಕ್ಲಾಸಿನಲ್ಲಿ ಕಬೀರ್ ಸರ್ ನಕ್ಕರು. "ಕಿಟಕಿ, ಕಂಬಿ, ವೈರು... ಸೆನ್ಸಸ್ ಮಾಡ್ತಿದ್ದೀರಾ? ಕಣ್ಣು ಅರ್ಧ ಮುಚ್ಚಿ ನೋಡಿ. ಉಳಿಯೋ ಆಕಾರ ಮಾತ್ರ ಇರ್ಲಿ. ಬಣ್ಣ ನಿಮ್ಮ ಮನಸ್ಸಿಗೆ ಬಂದದ್ದು." ಹೇಳುವುದು ಸುಲಭ.

ಜನವರಿ 18

ಏಳು ಮನೆ ಏಳು ಡಬ್ಬ ಆದವು. ಆದರೂ ಇಕ್ಕಟ್ಟು. ಎದುರುಮನೆ ಅಜ್ಜಿ ಪಟ್ಟಲಮ್ಮನ ಮನೆ ತೆಗೆದು ಅಲ್ಲಿ ಬರೀ ಹಳದಿ ಬಳಿದೆ. ದಿನಾ ಅವಳ ಜಗುಲಿಯಲ್ಲಿ ಕಾಫಿ ಕುಡಿಯುವಾಗ ಬೀಳುವ ಬಿಸಿಲಿನ ಬಣ್ಣ ಅದು. "ಈಗ ಚಿತ್ರ ಆಯ್ತು," ಅಂದರು ಸರ್. ಎಷ್ಟು ಖುಷಿ!

ಜನವರಿ 21

ಚಿತ್ರವನ್ನು ನಡುಮನೆಯಲ್ಲಿ ನೇತುಹಾಕಿದ್ದೆ. ಪಟ್ಟಲಮ್ಮ ಬಂದವಳು ಬೆರಳಿಟ್ಟು ಎಣಿಸಿದಳು.

"ನಮ್ಮನೆ ಎಲ್ಲವ್ವಾ?"

"ತೆಗ್ದ್‌ಬುಟ್ಟೆ ದೊಡ್ಡವ್ವ," ನಕ್ಕೆ.

ಅವಳು ನಗಲಿಲ್ಲ. "ನಿನ್ ಗಂಡ ಏನಾರ ಯೋಳುದ್ನಾ?"

ಆಗ ಹೊಳೆಯಿತು. ಇವರು ರಸ್ತೆ ಅಗಲ ಮಾಡುವ ಸರ್ವೆಯಲ್ಲಿದ್ದಾರಲ್ಲ. ಒಡೆಯುವ ಮನೆಗಳ ಲಿಸ್ಟು ಇನ್ನೂ ಹೊರಬಿದ್ದಿಲ್ಲ. ಇವರು ಏನೂ ಹೇಳಿಲ್ಲ ಅಂತ ಆಣೆ ಹಾಕಿದೆ. ಕಾಫಿ ಮುಟ್ಟದೆ ಹೋದಳು.

ಜನವರಿ 23

ಬೀದಿಗೆಲ್ಲ ಗೊತ್ತಾಗಿದೆ, ನನ್ನ ಚಿತ್ರವೇ ಲಿಸ್ಟು ಅನ್ನೋ ಹಾಗೆ. ಮೂಲೆಮನೆ ಅಂಕಯ್ಯ ಚಿತ್ರದ ಫೋಟೊ ಹೊಡೆದುಕೊಂಡ. ಅದರಲ್ಲಿ ತನ್ನ ಮನೆ ಇದೆ ಅಂತ ಸಮಾಧಾನ ಅವನಿಗೆ. ಇವರು ಕೂಗಾಡಿದರು. ಸುಳ್ಳು ಅಂತಾಗಲಿ ನಿಜ ಅಂತಾಗಲಿ ಬಾಯಿ ಬಿಡಲಿಲ್ಲ.

ಜನವರಿ 25

ಕ್ಲಾಸಿಗೆ ಹೋಗಲಿಲ್ಲ. ಹಳದಿಯ ಮೇಲೆ ಪಟ್ಟಲಮ್ಮನ ಮನೆ ಬರೆದೆ, ಕಿಟಕಿ ಸಮೇತ. ಚಿತ್ರ ಕೆಟ್ಟು ಕೆರ ಹಿಡಿಯಿತು. ಅವಳನ್ನು ಕರೆದು ತೋರಿಸಿದೆ.

"ಈಗ್ಯಾಕ್ ಸೇರುಸ್ದೆ? ಮುದ್ಕಿ ಅಳ್ತಾಳೆ ಅಂತ್ಲಾ? ಬುಡವ್ವ, ಗೊತ್ತಾಯ್ತು."

ಫೆಬ್ರವರಿ 5

ಪಟ್ಟಲಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಒಡೆಯುವ ಮೊದಲೇ ಮನೆಯನ್ನು ಸಿಕ್ಕಿದ ಬೆಲೆಗೆ ಮಾರುತ್ತಾಳಂತೆ. ಶುಕ್ರವಾರ ರಿಜಿಸ್ಟ್ರೇಷನ್. ನನ್ನ ಚಿತ್ರ ನಂಬಿ! ನಲವತ್ತು ವರ್ಷ ಬಾಳಿದ ಮನೆ.

ಫೆಬ್ರವರಿ 7, ಬೆಳಿಗ್ಗೆ 9.40

ಆಫೀಸಿಗೆ ಹೊರಟ ಇವರನ್ನು ಅಡ್ಡಗಟ್ಟಿದೆ. "ರೀ, ಪಟ್ಟಲಮ್ಮನ ಮನೆ ಹೋಗುತ್ತಾ ಇಲ್ವಾ? ಒಂದೇ ಮಾತು."

ಬಗ್ಗಿ ಶೂ ಲೇಸು ಕಟ್ಟುತ್ತಲೇ ಅಂದರು, "ಎದುರು ಸಾಲ್ನಲ್ಲಿ ಒಂದೂ ಓಗಲ್ಲ ಕಣಮ್ಮಿ. ಓಗೋದು ಈ ಕಡೇದು. ನಮ್ಮನೇನೂ ಸೇರಿ. ಆಚೆ ಯೋಳುದ್ರೆ ನನ್ ಕೆಲ್ಸ ಓಯ್ತದೆ." ಹೋದರು.

ಚಿತ್ರ ನೋಡಿದೆ. ನಮ್ಮ ಮನೆ ಅದರಲ್ಲಿ ಇಲ್ಲವೇ ಇಲ್ಲ. ಅದನ್ನು ಯಾರೂ ಕೇಳಿರಲಿಲ್ಲ. ನಾನೂ.

ಎದುರಿಗೆ ಆಟೋ ಬಂತು. ಪಟ್ಟಲಮ್ಮ ಬೀಗ ಹಾಕುತ್ತಿದ್ದಾಳೆ, ಕಂಕುಳಲ್ಲಿ ಮನೆಪತ್ರದ ಚೀಲ. ಹೇಳಿದರೆ ಇವರ ಕೆಲಸ... ಹೇಳದಿದ್ದರೆ... ಹತ್ತಿ ಕೂತಳು. ಚಪ್ಪಲಿ ಸಿಗುತ್ತಿಲ್ಲ, ಬರಿಗಾಲಲ್ಲೇ—