ಹಬ್ಬದ ಚಿತ್ರದಲ್ಲಿ ಅವ್ವ

ಚಿಕ್ಕೇರೂರು
ದೀಪಾವಳಿ, ೧೯೭೯

ಮಾನ್ಯ ನಿರ್ದೇಶಕರಿಗೆ,

ಹಬ್ಬ ಎಂದಮೇಲೆ ಎಲ್ಲ ಕೇರಿಗಳದೂ ಕಾಣಬೇಕು ಎಂದು ಏನೋ ಅಂದಿದ್ದಿರಿ. ಮಾತು ಪೂರ್ತಿ ನೆನಪಿಲ್ಲ. ಬೇಸಿಗೆಯಲ್ಲಿ ನೀವು ದೀಪಾವಳಿಯ ದೃಶ್ಯ ತೆಗೆಯಲು ಬಂದಾಗ, ಊರ ಹೊರಗಿನ ನಮ್ಮ ಮನೆಯ ಬಾಗಿಲಲ್ಲಿ ಅವ್ವ ಸೆಗಣಿಯಲ್ಲಿ ಮಾಡಿದ ಹಬ್ಬದ ದೇವಿ ಹಟ್ಟಿಲಕ್ಕವ್ವನನ್ನು ಕೂರಿಸಿದ್ದಳು. ಚೆಂಡುಹೂ ಸಿಗದೆ ಜಾಲಿಹೂ ಸಿಕ್ಕಿಸಿದ್ದಳು. ಅವಳು ಪೂಜೆ ಮಾಡುವುದನ್ನು ನೀವು ಕ್ಯಾಮೆರಾದಲ್ಲಿ ತೆಗೆದುಕೊಂಡಿರಿ.

ಮೊನ್ನೆ ಹಂಸಭಾವಿಯ ಟೆಂಟಿನಲ್ಲಿ ಚಿತ್ರ ನೋಡಿದೆವು. ಗೌಡರ ಮನೆಯ ಹಬ್ಬವೆಲ್ಲ ಇದೆ. ನಮ್ಮ ಕೇರಿಯದು ಹಲಗೆಯ ಸದ್ದೊಂದೇ ಉಳಿದಿದೆ, ಬಾರಿಸುವವನೂ ಕಾಣುವುದಿಲ್ಲ. ಆ ಸದ್ದು ಕೇಳಿ ಅವ್ವ ನನ್ನ ರಟ್ಟೆ ಹಿಡಿದಳು. "ನಮ್ಮ ಫಕ್ಕೀರಪ್ಪನ ಹಲಗಿ ಅದು. ತಡಿ, ಇನ್ನ ನಾ ಬರ್ತೇನಿ ನೋಡು."

ಚಿತ್ರ ಮುಗಿಯಿತು.

"ಮಾರ್ಯಾ, ನಾ ಬರಲೇ ಇಲ್ಲಲ್ಲೋ?"

"ಬಂದು ಹೋದಿ ಬೇ. ನಿನಗ ನಿದ್ದಿ ಹತ್ತಿತ್ತು."

"ಎಬ್ಬಿಸಬಾರದೇನೋ, ಮುದಿಕತ್ತಿ!" ಎಂದು ಬೈದು, ದಾರಿಯುದ್ದಕ್ಕೂ ನಗುತ್ತಲೇ ಬಂದಳು.

ನಾಳೆ ಚಕ್ಕಡಿ ಹೂಡಿಸಿ, ಚಿತ್ರದಲ್ಲಿ ತನ್ನನ್ನು ತೋರಿಸಲು ಕೇರಿಯ ಹೆಂಗಸರನ್ನೆಲ್ಲ ಟೆಂಟಿಗೆ ಕರೆದೊಯ್ಯುತ್ತಾಳಂತೆ. ಕತ್ತರಿಸಿದ ತುಣುಕು ಉಳಿದಿದ್ದರೆ ಅಂಚೆಯಲ್ಲಿ ಕಳಿಸಿ. ನಾಳೆಗೆ ಅದು ಮುಟ್ಟಲಾರದು, ಗೊತ್ತು. ಅಷ್ಟೂ ಜನಕ್ಕೆ ಒಮ್ಮೆಲೇ ನಿದ್ದೆ ಹತ್ತಿತ್ತೆಂದು ನಾನು ಹೇಗೆ ಹೇಳಲಿ?

ಇಂತು,
ಮಾರೆಪ್ಪ